ದೋಹಾದಲ್ಲಿ ಹತ್ತು ಗಂಟೆ ಬಿಡುವಿದ್ದರೆ ವಸ್ತುಸಂಗ್ರಹಾಲಯ ನೋಡಿಬರಬಹುದೇ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ನಮಸ್ಕಾರ.

ನವೆಂಬರ್ ಎರಡನೆಯ ವಾರದಲ್ಲಿ ನಾನೂ ನಮ್ಮ ಯಜಮಾನರೂ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಬೆಂಗಳೂರಿನ ವಿಮಾನ ಭಾನುವಾರ ಬೆಳಿಗ್ಗೆ 6 ಗಂಟೆಗೆ ಕತಾರ್ ದೇಶದ ದೋಹಾ ನಗರವನ್ನು ಮುಟ್ಟುತ್ತದೆ. ಅಲ್ಲಿಂದ ಲಂಡನ್ನಿನ ವಿಮಾನ ಸಂಜೆ 4 ಗಂಟೆಗೆ. ನಡುವಿನ ಹತ್ತು ಗಂಟೆಗಳನ್ನು ನಿಲ್ದಾಣದ ಕುರ್ಚಿಯಲ್ಲಿ ಕುಳಿತು ಕಳೆಯುವ ಬದಲು ಊರೊಳಗೆ ಹೋಗಿ ಒಂದು ವಸ್ತುಸಂಗ್ರಹಾಲಯವನ್ನಾದರೂ ನೋಡಿಬರಬೇಕೆಂಬ ಆಸೆ ನನ್ನದು. ಯಜಮಾನರಿಗೆ ಅಷ್ಟು ಮನಸ್ಸಿಲ್ಲ. ವಯಸ್ಸು ಎಪ್ಪತ್ತರ ಹತ್ತಿರ, ಮಂಡಿನೋವು ಬೇರೆ. ಅದಕ್ಕಿಂತ ಹೆಚ್ಚಾಗಿ, "ದುಡ್ಡಿದ್ದವರು ಹರಾಜಿನಲ್ಲಿ ಕೊಂಡುತಂದು ಗಾಜಿನೊಳಗೆ ಇಟ್ಟಿರುವುದನ್ನು ನೋಡಿದರೆ ಆ ಊರಿನ ವಿಷಯ ನಮಗೇನು ತಿಳಿದಂತಾಯಿತು?" ಎಂದು ಅವರು ಕೇಳುತ್ತಾರೆ. ಆ ಮಾತನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ಕೊಲ್ಲಿ ದೇಶಗಳ ಬಗ್ಗೆ ಮಕ್ಕಳಿಗೆ ಹೇಳಿದ್ದೆಂದರೆ ಭೂಪಟದಲ್ಲಿ ಅವುಗಳ ಜಾಗ ಮತ್ತು ಪೆಟ್ರೋಲಿಯಂ, ಇಷ್ಟೇ. "ಎಣ್ಣೆ ಸಿಗುವುದಕ್ಕೆ ಮುಂಚೆ ಅಲ್ಲಿನವರು ಹೊಟ್ಟೆಗೆ ಏನು ಮಾಡುತ್ತಿದ್ದರು ಮಿಸ್?" ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಕೇಳಿದಾಗ, ಮೀನು ಹಿಡಿಯುತ್ತಿದ್ದರು ಎಂದು ಹೇಳಿ ಪಾಠ ಮುಂದುವರಿಸಿದ್ದೆ. ಆ ಉತ್ತರ ಸಾಲದೆಂದು ಆಗಲೇ ಅನಿಸಿತ್ತು.

ಹೊರಗೆ ಹೋಗಿಬರಲು ವೀಸಾ ಬೇಕೇ, ಸಮಯ ಸಾಕಾಗುತ್ತದೆಯೇ, ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯ ಮತ್ತು ರಾಷ್ಟ್ರೀಯ ವಸ್ತುಸಂಗ್ರಹಾಲಯ ಇವೆರಡರಲ್ಲಿ ಯಾವುದನ್ನು ನೋಡುವುದು ಮೇಲು, ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ದೋಹಾದಲ್ಲಿ ಹನ್ನೊಂದು ವರ್ಷ ಇದ್ದವರು, ಪಾಂಡವಪುರ, ಮಂಡ್ಯ ಜಿಲ್ಲೆ

ಮೇಡಂ, ಖಂಡಿತ ಹೋಗಿಬನ್ನಿ. ಮೊದಲು ಕಾಗದಪತ್ರದ ವಿಷಯ ಮುಗಿಸಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವವರು ಮುಂಚಿತವಾಗಿ ವೀಸಾ ಪಡೆಯಬೇಕಾದ ಅಗತ್ಯವನ್ನು ಕತಾರ್ 2017ರ ಆಗಸ್ಟ್‌ನಲ್ಲಿ ತೆಗೆದುಹಾಕಿತು. ಆದರೂ ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು, ಮುಂದಿನ ಪ್ರಯಾಣದ ಟಿಕೆಟ್ ಕೈಯಲ್ಲಿರಬೇಕು; ಹೋಟೆಲ್ ಕಾಯ್ದಿರಿಸಿದ ಪತ್ರವನ್ನೂ ಕೇಳುವುದುಂಟು. ನಿಮ್ಮದು ಕೆಲವೇ ಗಂಟೆಗಳ ತಂಗುವಿಕೆಯಾದ್ದರಿಂದ ಯಾವ ಪತ್ರ ಬೇಕೆಂಬುದನ್ನು ವಿಮಾನ ಕಂಪನಿಯವರಿಂದ ಹೊರಡುವ ಮುಂಚೆಯೇ ಬರಹದಲ್ಲಿ ತೆಗೆದುಕೊಳ್ಳಿ. ಇನ್ನೊಂದು ಮಾತು: ಮಗಳಿಗೆಂದು ಪಾಯಸಕ್ಕೆ ಗಸಗಸೆ ಕಟ್ಟಿಕೊಂಡಿದ್ದರೆ ತೆಗೆದು ಮನೆಯಲ್ಲೇ ಇಡಿ. ಗಲ್ಫಿನ ಕೆಲವು ದೇಶಗಳಲ್ಲಿ ಅದು ಮಾದಕ ವಸ್ತುಗಳ ಸಾಲಿಗೆ ಸೇರುತ್ತದೆ. ಮಂಡಿನೋವಿನ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಯಲ್ಲಿರಲಿ.

ಸಮಯ ಧಾರಾಳವಾಗಿದೆ. ಚೆಕ್‌ಇನ್ ಮಾಡಿದ ಪೆಟ್ಟಿಗೆಗಳು ನೇರವಾಗಿ ಲಂಡನ್ನಿಗೆ ಹೋಗುವುದರಿಂದ ಕೈಚೀಲವೊಂದನ್ನೇ ಹಿಡಿದು ಹೊರಬರಬಹುದು. ನಿಲ್ದಾಣದೊಳಗಿನಿಂದಲೇ ಮೆಟ್ರೊ ಇದೆ. ಒಂದು ಸಲಕ್ಕೆ 2 ರಿಯಾಲ್, ಇಡೀ ದಿನದ ಓಡಾಟಕ್ಕೆ 6 ರಿಯಾಲ್. ಕೆಂಪು ಮಾರ್ಗದಲ್ಲಿ ಮುಶೈರಿಬ್‌ವರೆಗೆ ಹೋಗಿ ಚಿನ್ನದ ಬಣ್ಣದ ಮಾರ್ಗಕ್ಕೆ ಬದಲಾಯಿಸಿದರೆ ಸೂಕ್ ವಾಕಿಫ್ ಎಂಬ ಹಳೆಯ ಪೇಟೆಯೂ ಅದರಾಚೆ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಸಿಗುತ್ತವೆ. ಯಜಮಾನರಿಗೆ ಮಂಡಿನೋವು ಎಂದಿರಲ್ಲ, ಟ್ಯಾಕ್ಸಿಯೇ ವಾಸಿ. ಇಪ್ಪತ್ತು ನಿಮಿಷದ ದಾರಿ. ಪ್ರವೇಶ ಟಿಕೆಟ್ ತಲಾ 50 ರಿಯಾಲ್, ನಮ್ಮ ಹಣದಲ್ಲಿ ಸಾವಿರದ ಇನ್ನೂರು ರೂಪಾಯಿಯ ಆಸುಪಾಸು. ನವೆಂಬರ್ ಆದ್ದರಿಂದ ಬಿಸಿಲು ತಡೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ.

ಈಗ ಯಜಮಾನರ ಪ್ರಶ್ನೆ. ನಾನು ಕಟ್ಟಡ ಸಾಮಗ್ರಿ ಸರಬರಾಜು ಮಾಡುವ ಕಡೆ ಲೆಕ್ಕ ಬರೆಯುತ್ತಿದ್ದೆ. ನನ್ನನ್ನು ಕರೆಸಿಕೊಂಡ ಮೊದಲ ಕಂಪನಿ ಎರಡು ವರ್ಷ ನನ್ನ ಪಾಸ್‌ಪೋರ್ಟನ್ನು ತನ್ನ ಬೀರುವಿನಲ್ಲೇ ಇಟ್ಟುಕೊಂಡಿತ್ತು. ಅಕ್ಕನ ಮಗಳ ಮದುವೆಗೆ ಊರಿಗೆ ಬರಲಾಗಲಿಲ್ಲ. ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಾಯಿಸಬಹುದೆಂಬ ಕಾನೂನು 2020ರಲ್ಲಿ ಬಂತು, 1000 ರಿಯಾಲ್ ಕನಿಷ್ಠ ವೇತನ 2021ರ ಮಾರ್ಚ್‌ನಿಂದ ಜಾರಿಯಾಯಿತು. ನಾನು ಅದಕ್ಕೂ ಹಿಂದಿನ ಕಾಲದವನು. ಆ ಊರಿನ ಮೇಲೆ ನನಗಿದ್ದ ಸಿಟ್ಟು ಸಣ್ಣದಾಗಿರಲಿಲ್ಲ. ಅದಕ್ಕೇ ಇರಬೇಕು, ಸಮುದ್ರದ ದಂಡೆಯಲ್ಲಿ ಎಷ್ಟೋ ಶುಕ್ರವಾರ ಕುಳಿತು ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯದ ಆ ಬಿಳಿ ಕಟ್ಟಡವನ್ನು ನೋಡುತ್ತಿದ್ದರೂ ಆರು ವರ್ಷ ಅದರೊಳಗೆ ಕಾಲಿಟ್ಟಿರಲಿಲ್ಲ.

ಕೊನೆಗೆ ಒಬ್ಬ ಕೇರಳದ ಗೆಳೆಯ ಕರೆದುಕೊಂಡು ಹೋದ. ನಾನು ಮೊದಲು ನಿಂತದ್ದು ಒಂದು ಮಣ್ಣಿನ ತಟ್ಟೆಯ ಮುಂದೆ. ಹತ್ತನೆಯ ಶತಮಾನದ್ದು, ಹಾಲಿನ ಬಣ್ಣದ ಮೆರುಗು, ಅಂಚಿನ ಸುತ್ತ ಕಪ್ಪು ಅಕ್ಷರ, ಉಳಿದದ್ದೆಲ್ಲ ಖಾಲಿ. ಸಿಕ್ಕ ಅವಕಾಶವನ್ನು ಕೈಬಿಟ್ಟು ಆಮೇಲೆ ಹಣೆಬರಹವನ್ನು ದೂರುವವನು ಮೂಢ ಎಂದು ಅದರ ಮೇಲೆ ಬರೆದಿದೆ ಎಂದು ಗೆಳೆಯ ಓದಿ ಹೇಳಿದ. ಊಟದ ತಟ್ಟೆಯ ಮೇಲೆ ಇಂಥ ಮಾತು ಬರೆಸಿಕೊಳ್ಳುತ್ತಿದ್ದ ಜನ ಹೇಗಿದ್ದಿರಬಹುದು ಎಂದು ಅಲ್ಲಿಯೇ ಬಹಳ ಹೊತ್ತು ನಿಂತಿದ್ದೆ. ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಕೊಂಡುತಂದ ವಸ್ತುವೇ ಇರಲಿ, ಅದನ್ನು ಮಾಡಿದ ಕೈ ಒಂದು ಇತ್ತಲ್ಲ. ನನ್ನ ಮತ ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯಕ್ಕೆ.

ಉತ್ತರ 2: ನಿವೃತ್ತ ಇತಿಹಾಸ ಅಧ್ಯಾಪಕ, ಶ್ರೀರಂಗಪಟ್ಟಣ

ಮಾನ್ಯರೇ, ಪಾಂಡವಪುರದ ಮಿತ್ರರ ಮಾತಿಗೆ ನನ್ನದೊಂದು ಸೇರ್ಪಡೆ. ನೀವು ಹೊರಡುವ ಮುನ್ನ ಒಂದು ಬೆಳಿಗ್ಗೆ ನಮ್ಮೂರಿನ ಗುಂಬಜ್‌ಗೆ ಬಂದು, ಒಳಗೆ ನಿಂತು, ತಲೆಯೆತ್ತಿ ನೋಡಿ. ಚೌಕದ ಗೋಡೆಗಳ ಮೇಲೆ ದುಂಡು ಗುಮ್ಮಟ ಕೂರಿಸಬೇಕಾದರೆ ನಾಲ್ಕು ಮೂಲೆಗಳನ್ನು ಏನಾದರೂ ಮಾಡಲೇಬೇಕು. ಇಲ್ಲದಿದ್ದರೆ ದುಂಡಿಗೂ ಚೌಕಕ್ಕೂ ನಡುವೆ ಮೂಲೆಗಳಲ್ಲಿ ಆಧಾರವೇ ಇರುವುದಿಲ್ಲ. ವಿಜಯಪುರದ ಗೋಲ್ ಗುಂಬಜ್ ಕಟ್ಟಿದವರು ಇದಕ್ಕೆ ಒಂದನ್ನೊಂದು ಹಾಯುವ ಎಂಟು ಕಮಾನುಗಳ ಉಪಾಯ ಕಂಡುಕೊಂಡರು. ದೋಹಾದ ಕಟ್ಟಡದ ನಡುಮನೆಯಲ್ಲಿ ನಿಂತಾಗ ನಿಮಗೆ ಕಾಣುವುದು ಇದೇ ಲೆಕ್ಕ, ಆದರೆ ಮೇಲಿನಿಂದ ಕೆಳಕ್ಕೆ ಬಿಡಿಸಿಟ್ಟದ್ದು. ತುದಿಯಲ್ಲಿ ಬೆಳಕು ಬೀಳುವ ದುಂಡು ಕಿಂಡಿ, ಅದು ಕೆಳಗಿಳಿಯುತ್ತ ಎಂಟು ಮೂಲೆಯಾಗಿ, ಎಂಟು ಮೂಲೆ ಚೌಕವಾಗಿ, ಚೌಕ ನಾಲ್ಕು ತ್ರಿಕೋನಗಳಾಗಿ ಮಡಿಚಿಕೊಂಡು ಕಂಬಗಳಿಗೆ ಬಂದು ಸೇರುತ್ತದೆ. ಹೊರಗಿನಿಂದ ಗುಮ್ಮಟ ಕಾಣುವುದೇ ಇಲ್ಲ. ಗೋಪುರದ ಗೋಡೆಗಳು ಅದನ್ನು ಮರೆಮಾಡಿವೆ.

ಅದನ್ನು ರೂಪಿಸಿದವರು ಐ. ಎಂ. ಪೇ. 1917ರಲ್ಲಿ ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದವರು, ಪ್ಯಾರಿಸ್ಸಿನ ಲೂವ್ರ್ ಅಂಗಳದಲ್ಲಿ ಗಾಜಿನ ಪಿರಮಿಡ್ ನಿಲ್ಲಿಸಿದವರು. ವಿಶ್ರಾಂತಿಯಲ್ಲಿದ್ದ ಅವರನ್ನು ಕತಾರ್ ಕರೆದಾಗ ಇಸ್ಲಾಮಿನ ವಾಸ್ತು ತಮಗೆ ಚೆನ್ನಾಗಿ ತಿಳಿಯದೆಂದು ಒಪ್ಪಿಕೊಂಡು, ಅದರ ಸಾರವನ್ನು ಹುಡುಕಿಕೊಂಡು ತಿಂಗಳುಗಟ್ಟಲೆ ಊರೂರು ಅಲೆದರು. ಸ್ಪೇನಿನ ಕಾರ್ಡೋಬಾ ಮಸೀದಿ ನೋಡಿದರು, ನಮ್ಮ ಫತೇಪುರ್ ಸಿಕ್ರಿಯನ್ನೂ ನೋಡಿದರು. ಯಾವುದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೊನೆಗೆ ಕೈರೋದ ಇಬ್ನ್ ತುಲೂನ್ ಮಸೀದಿಯ ಅಂಗಳದಲ್ಲಿರುವ ಹದಿಮೂರನೆಯ ಶತಮಾನದ ಸಣ್ಣ ಮಂಟಪದಲ್ಲಿ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಜಾಗದಲ್ಲಿ, ಬೇಕಾದದ್ದು ಸಿಕ್ಕಿತು. ಅಲಂಕಾರವೇ ಇಲ್ಲದ ಆ ಗೋಡೆಗೆ ಬಿಸಿಲು ಬಿದ್ದಾಗ ಮೂಡುವ ನೆರಳೇ ಅದರ ಅಲಂಕಾರ. ದಂಡೆಯ ಮೇಲೆ ಕೊಟ್ಟ ಜಾಗಗಳು ಬೇಡವೆಂದು, ಮುಂದೊಂದು ದಿನ ದೊಡ್ಡ ಕಟ್ಟಡಗಳು ಅಡ್ಡ ಬರಬಹುದೆಂದು, ದಡದಿಂದ ಸುಮಾರು 60 ಮೀಟರ್ ಆಚೆ ಸಮುದ್ರದಲ್ಲೇ ಒಂದು ದ್ವೀಪ ಮಾಡಿಸಿಕೊಂಡರು. 2008ರಲ್ಲಿ ಕಟ್ಟಡ ತೆರೆದಾಗ ಅವರಿಗೆ 91 ವರ್ಷ. ದಯವಿಟ್ಟು ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ. ಆ ವಯಸ್ಸಿನಲ್ಲಿ ಕಲಿಯಲು ಹೊರಟವರು ಕಟ್ಟಿದ ಮನೆಯೊಳಗೆ ಎರಡು ಗಂಟೆ ಕಳೆಯುವುದು ವ್ಯರ್ಥವಾಗುವುದಿಲ್ಲ.

ಕೊಂಡುತಂದದ್ದು ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ನೀವು ಮುಂದೆ ಹೋಗುತ್ತಿರುವುದು ಲಂಡನ್ನಿಗೆ. ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಟಿಪ್ಪುವಿನ ಮರದ ಹುಲಿ ಇದೆ, 1799ರಲ್ಲಿ ನಮ್ಮ ಕೋಟೆ ಬಿದ್ದಾಗ ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಿಂದ ಎತ್ತಿಕೊಂಡು ಹೋದದ್ದು. ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ದೂರದ ಊರಿನ ವಸ್ತುಗಳು ಬಂದು ಕುಳಿತಿರುವುದಕ್ಕೆ ಹಣ ಒಂದು ಕಾರಣ, ಯುದ್ಧ ಇನ್ನೊಂದು. ಎರಡೂ ಕಡೆ ನೋಡಿ, ಯಾವುದು ಹೇಗೆ ಬಂತು ಎಂದು ಕೇಳಿಕೊಳ್ಳುತ್ತ ನೋಡಿ. ಅಂದಹಾಗೆ, ಕೊಲ್ಲಿಯ ಕಡೆಯ ಸಂಬಂಧ ನಮಗೆ ಹೊಸದೇನಲ್ಲ. ಟಿಪ್ಪುವಿನ ಕಾಲದಲ್ಲಿ ಮಸ್ಕತ್‌ನಲ್ಲಿ ಮೈಸೂರು ಸರ್ಕಾರದ ವ್ಯಾಪಾರದ ಕೋಠಿಯೇ ಇತ್ತು. ಗಂಧ, ಮೆಣಸು, ಏಲಕ್ಕಿ, ಅಕ್ಕಿ ಅಲ್ಲಿಗೆ ಹೋಗುತ್ತಿದ್ದವು.

ಸಾವಿರದ ನಾನೂರು ವರ್ಷಗಳ ವಸ್ತುಗಳನ್ನು ಎರಡು ಗಂಟೆಯಲ್ಲಿ ನೋಡಲಾಗದು. ಒಂದನ್ನು ಮಾತ್ರ ಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಷಹಜಹಾನನ ಹಲ್ದಿಲಿ ಎಂಬ ಪದಕ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಜೇಡ್ ಕಲ್ಲು, ಮೇಲೆ ಸಣ್ಣ ಅಕ್ಷರಗಳ ಕೆತ್ತನೆ. ಹೌಲ್‌ದಿಲ್ ಎಂದರೆ ಎದೆ ಡವಗುಟ್ಟುವುದು; ಈ ಕಲ್ಲನ್ನು ಎದೆಯ ಮೇಲೆ ಧರಿಸಿದರೆ ಅದು ಶಮನವಾಗುತ್ತದೆಂಬ ನಂಬಿಕೆ ಇತ್ತು. ಅದರ ಮೇಲಿರುವ ವರ್ಷ ಹಿಜರಿ 1041. ಆ ವರ್ಷ ಶುರುವಾಗುವುದು 1631ರ ಜುಲೈ ಕೊನೆಗೆ. ಮುಮ್ತಾಜ್ ಮಹಲ್ ಬುರ್ಹಾನ್‌ಪುರದಲ್ಲಿ ಹದಿನಾಲ್ಕನೆಯ ಹೆರಿಗೆಯಲ್ಲಿ ತೀರಿಕೊಂಡದ್ದು ಅದೇ ಜೂನ್‌ನಲ್ಲಿ. ತಾಜ್ ಮಹಲನ್ನು ನಾವೆಲ್ಲ ಪಾಠ ಮಾಡಿದ್ದೇವೆ. ಆ ದುಃಖದ ಕಾಲದಲ್ಲಿ ಆತ ಎದೆಗೆ ಕಟ್ಟಿಕೊಂಡ ಕಲ್ಲನ್ನು ನಾನಂತೂ ಯಾವ ತರಗತಿಯಲ್ಲೂ ಹೇಳಲಿಲ್ಲ, ನನಗೆ ಗೊತ್ತೇ ಇರಲಿಲ್ಲ.

ಉತ್ತರ 3: ಗೃಹಿಣಿ, ಸುಭಾಷ್‌ನಗರ, ಮಂಡ್ಯ

ನಮಸ್ಕಾರ ಮೇಡಂ. ಹಿರಿಯರಿಬ್ಬರೂ ಬರೆದಿರುವುದನ್ನು ಗೌರವದಿಂದಲೇ ಓದಿದೆ. ಆದರೂ ಆ ಹುಡುಗನ ಪ್ರಶ್ನೆಗೆ ಉತ್ತರ ಬೇಕೆಂದರೆ ನೀವು ಹೋಗಬೇಕಾದದ್ದು ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ. ಕಳೆದ ವರ್ಷ ಅತ್ತೆ ಮಾವನವರನ್ನು ಕರೆದುಕೊಂಡು ಹೋಗಿದ್ದೆ. ಫ್ರಾನ್ಸಿನ ಜಾನ್ ನೂವೆಲ್ ರೂಪಿಸಿ 2019ರಲ್ಲಿ ತೆರೆದ ಕಟ್ಟಡ ಅದು. ಮರಳುಗಾಡಿನ ನೆಲದಲ್ಲಿ ಹರಳುಗಟ್ಟಿ ಗುಲಾಬಿಯ ಎಸಳಿನಂತೆ ಅರಳುವ ಕಲ್ಲೊಂದಿದೆಯಂತೆ, ಅದರ ಆಕಾರದಲ್ಲಿ ದೊಡ್ಡ ದೊಡ್ಡ ತಟ್ಟೆಗಳನ್ನು ಒಂದಕ್ಕೊಂದು ಒರಗಿಸಿಟ್ಟ ಹಾಗಿದೆ. ಅದರ ನಡುವೆ ಅವರ ರಾಜಮನೆತನದ ಹಳೆಯ ಅರಮನೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅರಮನೆ ಎಂದರೆ ನಮ್ಮ ಮೈಸೂರಿನದನ್ನು ಕಲ್ಪಿಸಿಕೊಳ್ಳಬೇಡಿ. ಸುಣ್ಣ ಬಳಿದ ಸಾದಾ ಗೋಡೆಗಳ ಮನೆ ಅದು. ಅದನ್ನು ನೋಡಿದ ಮೇಲೆಯೇ ಎಣ್ಣೆಗಿಂತ ಮುಂಚೆ ಆ ದೇಶ ಹೇಗಿತ್ತೆಂದು ನನಗೆ ತಿಳಿದದ್ದು.

ಆ ಜನ ಬದುಕಿದ್ದು ಮುತ್ತಿನಿಂದ, ಮೇಡಂ. ಬೇಸಿಗೆಯ ತಿಂಗಳುಗಳಲ್ಲಿ ಗಂಡಸರು ದೋಣಿ ಹತ್ತಿ ಸಮುದ್ರಕ್ಕೆ ಹೋಗುತ್ತಿದ್ದರು. ಮೂಗಿಗೆ ಒಂದು ಚಿಮುಟ, ಕಾಲಿಗೆ ಕಲ್ಲಿನ ಭಾರ, ಕೊರಳಿಗೆ ಚಿಪ್ಪು ತುಂಬುವ ಬಲೆಚೀಲ, ಹಗ್ಗದ ಇನ್ನೊಂದು ತುದಿ ದೋಣಿಯ ಮೇಲೆ ನಿಂತವನ ಕೈಯಲ್ಲಿ. ಉಸಿರು ಕಟ್ಟಿದಾಗ ಹಗ್ಗ ಜಗ್ಗಿದರೆ ಅವನು ಮೇಲೆಳೆಯಬೇಕು. ಒಬ್ಬನ ಜೀವ ಇನ್ನೊಬ್ಬನ ಕೈಯಲ್ಲಿ. ಸಿಕ್ಕ ಮುತ್ತಿನಲ್ಲಿ ಬಹಳಷ್ಟು ಮುಂಬೈ ಪೇಟೆಗೇ ಬರುತ್ತಿತ್ತು. ನಮ್ಮ ಕಡೆ ಹಳಬರು ಬಸ್ರಾ ಮುತ್ತು ಎನ್ನುತ್ತಾರಲ್ಲ, ಅದು ಆ ಸಮುದ್ರದ್ದೇ. ನಮ್ಮತ್ತೆ ಹಾಕಿಕೊಂಡಿದ್ದ ಓಲೆಯಲ್ಲಿ ಅವರ ಅಜ್ಜಿಯ ಕಾಲದ ಎರಡು ಬಸ್ರಾ ಮುತ್ತು ಇವೆ, ಸ್ವಲ್ಪ ಹಳದಿಗೆ ತಿರುಗಿವೆ. ಆ ವಿಭಾಗಕ್ಕೆ ಬಂದ ಕೂಡಲೇ ಅವರ ಕೈ ತಾನಾಗಿ ಕಿವಿಗೆ ಹೋಯಿತು.

ಅಲ್ಲಿಯೇ ಬರೋಡಾದ ಮುತ್ತಿನ ರತ್ನಗಂಬಳಿ ಇದೆ. 1865ರಲ್ಲಿ ಮಹಾರಾಜ ಖಂಡೇರಾವ್ ಗಾಯಕವಾಡರು ಮಾಡಿಸಿದ್ದು. ಹದಿನೈದು ಲಕ್ಷಕ್ಕೂ ಹೆಚ್ಚು ಮುತ್ತುಗಳು, ನಡುನಡುವೆ ವಜ್ರ, ಪಚ್ಚೆ, ನೀಲ. ದೂರದಿಂದ ಹಾಲಿನ ಕೆನೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಒಂದೊಂದು ಮುತ್ತೂ ರಾಗಿಕಾಳಿನಷ್ಟು ಚಿಕ್ಕದೆಂದು ಗೊತ್ತಾಗುತ್ತದೆ. ಒಂದೊಂದು ಕಾಳಿಗೂ ಒಬ್ಬ ಉಸಿರು ಹಿಡಿದು ಮುಳುಗಿದ್ದಾನೆ. ಆ ಸಮುದ್ರದಿಂದ ನಮ್ಮ ದೇಶಕ್ಕೆ ಬಂದು, ಗಂಬಳಿಯಾಗಿ, ಮತ್ತೆ ಅದೇ ಸಮುದ್ರದ ದಂಡೆಗೆ ಹೋಗಿ ಕುಳಿತಿದೆ. ಕೊಂಡುತಂದದ್ದು ಎಂಬ ಮಾತು ಇಲ್ಲಿ ನನಗೆ ಬೇರೆಯೇ ಆಗಿ ಕೇಳಿಸಿತು.

ಜಪಾನಿನವರು ಮುತ್ತನ್ನು ಸಾಕಿ ಬೆಳೆಸಲು ಕಲಿತ ಮೇಲೆ, 1930ರ ಹೊತ್ತಿಗೆ, ಈ ಕಸುಬು ನೆಲಕಚ್ಚಿತು. ಕತಾರಿನ ದುಖಾನ್‌ನಲ್ಲಿ ಎಣ್ಣೆ ಸಿಕ್ಕರೂ ಮಹಾಯುದ್ಧದಿಂದಾಗಿ ಅದು ಹೊರದೇಶಕ್ಕೆ ಹೋಗಲು ಶುರುವಾದದ್ದು 1949ರಲ್ಲಿ. ನಡುವಿನ ವರ್ಷಗಳು ಹಸಿವಿನವು. ಮಾವನವರು ಬ್ಯಾಂಕಿನಲ್ಲಿದ್ದವರಾದ್ದರಿಂದ ಇನ್ನೊಂದು ಸಂಗತಿ ಹೇಳಿದರು: ಅಲ್ಲಿ ಆಗ ಚಲಾವಣೆಯಲ್ಲಿದ್ದದ್ದು ನಮ್ಮ ರೂಪಾಯಿಯೇ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚುಹಾಕಿತಂತೆ. 1966ರ ಜೂನ್‌ನಲ್ಲಿ ನಾವು ರೂಪಾಯಿಯ ಬೆಲೆ ಇಳಿಸಿದ ಮೇಲೆ ಕತಾರ್ ಅದನ್ನು ಬಿಟ್ಟಿತು.

ನಡಿಗೆಯ ಬಗ್ಗೆ ಮಾತ್ರ ಎಚ್ಚರ. ಒಳಗಿನ ದಾರಿ ಒಟ್ಟು ಒಂದೂವರೆ ಕಿಲೋಮೀಟರ್, ನೆಲ ಅಲ್ಲಲ್ಲಿ ಇಳಿಜಾರು. ಗಾಲಿಕುರ್ಚಿ ಕೇಳಿ ಪಡೆಯಿರಿ, ಸಂಕೋಚ ಬೇಡ. ಮಾವನವರು ಮೊದಲು ಬೇಡವೆಂದು, ಅರ್ಧ ದಾರಿಯಲ್ಲಿ ತಾವೇ ಕೇಳಿದರು.

ಪ್ರಶ್ನೆ ಕೇಳಿದವರು, ಲಂಡನ್ನಿನಿಂದ, ಮೂರು ವಾರಗಳ ನಂತರ

ಉತ್ತರ ಬರೆದ ಮೂವರಿಗೂ ನಮ್ಮಿಬ್ಬರ ವಂದನೆಗಳು. ಮಂಡಿನೋವಿನ ಕಾರಣದಿಂದ ಕೊನೆಗೆ ಇಸ್ಲಾಮಿಕ್ ಕಲಾ ವಸ್ತುಸಂಗ್ರಹಾಲಯವನ್ನೇ ಆರಿಸಿಕೊಂಡೆವು. ಹೊರಡುವ ಹಿಂದಿನ ವಾರ ಗುಂಬಜ್‌ಗೂ ಹೋಗಿಬಂದೆವು. ಎಷ್ಟು ಸಲ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದೆ, ಮೂಲೆಗಳನ್ನು ನೋಡಿದ್ದು ಇದೇ ಮೊದಲು. ಹಾಗಾಗಿ ದೋಹಾದಲ್ಲಿ ತಲೆಯೆತ್ತಿದ ಕೂಡಲೇ ದುಂಡು, ಎಂಟು ಮೂಲೆ, ಚೌಕ ಎಂದು ಯಜಮಾನರೇ ಎಣಿಸತೊಡಗಿದರು. ಉತ್ತರ ದಿಕ್ಕಿಗೆ 45 ಮೀಟರ್ ಎತ್ತರದ ಒಂದೇ ಗಾಜಿನ ಕಿಟಕಿ ಇದೆ. ಅದರ ಕೆಳಗೆ ಕುಳಿತರೆ ಎದುರಿಗೆ ಸಮುದ್ರ, ಆಚೆ ದಡದಲ್ಲಿ ಹೊಸ ನಗರದ ಗೋಪುರಗಳು. ಕಾಲು ಗಂಟೆ ಅಲ್ಲೇ ಕುಳಿತೆವು.

ತಟ್ಟೆಯನ್ನೂ ನೋಡಿದೆವು, ನಕ್ಷತ್ರಗಳ ಎತ್ತರ ಅಳೆಯುವ ಹಿತ್ತಾಳೆಯ ಉಪಕರಣಗಳನ್ನೂ ನೋಡಿದೆವು. ಹಲ್ದಿಲಿಯ ಮುಂದೆ ಯಜಮಾನರು ಬಹಳ ಹೊತ್ತು ನಿಂತರು. ಎರಡು ವರ್ಷದ ಹಿಂದೆ ಅವರಿಗೆ ಹೃದಯದ ಚಿಕಿತ್ಸೆಯಾಗಿದೆ. ಅದನ್ನು ನಾನು ಇಲ್ಲಿ ಬರೆದಿರಲಿಲ್ಲ. "ಇಷ್ಟೇ ಇಷ್ಟು ಕಲ್ಲು" ಎಂದರು, ಬೆರಳುಗಳನ್ನು ಅಷ್ಟಗಲ ಮಾಡಿ ತೋರಿಸಿ, ಮತ್ತೇನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ಕೊಂಡುತಂದ ವಸ್ತುಗಳ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. 1 ಗಂಟೆಗೆಲ್ಲ ನಿಲ್ದಾಣದಲ್ಲಿದ್ದೆವು. ಗಸಗಸೆ ಮೈಸೂರಿನಲ್ಲೇ ಉಳಿಯಿತು.

ಹುಡುಗನ ಪ್ರಶ್ನೆ ಬಾಕಿ ಇದೆ. ಜನವರಿಯಲ್ಲಿ ಹಿಂದಿರುಗುವಾಗ ಮತ್ತೆ ದೋಹಾದಲ್ಲಿ ಹನ್ನೆರಡು ಗಂಟೆ ಸಿಗುತ್ತದೆ. ಬೆಳಿಗ್ಗೆ 9ಕ್ಕೆ ಇಳಿದು ರಾತ್ರಿ 9ಕ್ಕೆ ಹೊರಡುವುದು. ಆದರೆ ಅಂದು ಶುಕ್ರವಾರ. ಮಂಡ್ಯದ ಸೋದರಿಯವರೇ, ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಅಂದು ಹೋಗಬಹುದೇ?

ಉತ್ತರ: ಗೃಹಿಣಿ, ಸುಭಾಷ್‌ನಗರ, ಮಂಡ್ಯ

ಹೋಗಬಹುದು ಮೇಡಂ. ಶುಕ್ರವಾರ ಪ್ರಾರ್ಥನೆಯ ದಿನವಾದ್ದರಿಂದ ಮಧ್ಯಾಹ್ನ ಒಂದೂವರೆಯ ನಂತರವೇ ತೆರೆಯುತ್ತಾರೆ, ಸಂಜೆ 7ರವರೆಗೆ ಇರುತ್ತದೆ. ಬೆಳಿಗ್ಗೆ ನಿಲ್ದಾಣದಲ್ಲೇ ವಿಶ್ರಾಂತಿ ತೆಗೆದುಕೊಂಡು, ಊಟ ಮುಗಿಸಿ ಹೊರಡಿ. ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ. ಮೊದಲ ಕೋಣೆಗಳಲ್ಲಿ ಪ್ರಾಣಿಪಕ್ಷಿ, ಶಿಲೆಗಳ ವಿಷಯ ಬರುತ್ತದೆ, ಅಲ್ಲಿ ಹೆಚ್ಚು ನಿಲ್ಲದೆ ಮುತ್ತಿನ ವಿಭಾಗಕ್ಕೆ ಒಂದು ಗಂಟೆ ಉಳಿಸಿಕೊಳ್ಳಿ. ಹಳೆಯ ಅರಮನೆ ದಾರಿಯ ಕೊನೆಯಲ್ಲಿ ಸಿಗುತ್ತದೆ.